ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ

ಮೂವತ್ತಮೂರು ವರ್ಷ ಸ್ಟಾಫ್ ನರ್ಸ್ ಆಗಿದ್ದವಳು ನಾನು. ಬಿ.ಪಿ. ನೋಡಿಸಿಕೊಳ್ಳಲು ಬಂದ ವಯಸ್ಸಾದವರಿಗೆ "ಮೇಲಿನದು 170, ಕೆಳಗಿನದು 70" ಅಂದರೆ, "ಕೆಳಗಿನದು ಕಮ್ಮಿ ಇದೆಯಲ್ಲ ಸಿಸ್ಟರ್, ಅಲ್ಲಿಗೆ ಸಮ ಆಯ್ತು ಬಿಡಿ" ಅಂತ ತೋಳು ಇಳಿಸಿಕೊಂಡು ಎದ್ದುಬಿಡುತ್ತಿದ್ದರು. ನಾನೂ ನಕ್ಕು ಕಳಿಸುತ್ತಿದ್ದೆ. ನಾವು ಕಲಿಯುವಾಗ ಬಾಯಿಂದ ಬಾಯಿಗೆ ಬಂದ ಲೆಕ್ಕವೊಂದಿತ್ತು: ವಯಸ್ಸಿಗೆ ನೂರು ಕೂಡಿಸು, ಅಷ್ಟಿದ್ದರೆ ಸರಿ. ಎಪ್ಪತ್ತರವರಿಗೆ 170 ಇದ್ದರೆ ಅದು ವಯಸ್ಸಿನ ಬಿ.ಪಿ. ಈ ಲೆಕ್ಕವನ್ನು ನಮ್ಮ ಅತ್ತೆಗೂ ಹಾಕಿದೆ.

ನಾಡಿ ಹಿಡಿದು ಅಭ್ಯಾಸವಿದ್ದವರಿಗೆ ಗೊತ್ತು, ಹುಡುಗರ ನಾಡಿ ಬೆರಳಿಗೆ ಮೆತ್ತಗೆ ಸಿಗುತ್ತದೆ, ಒತ್ತಿದರೆ ಮಾಯ. ಕೆಲವು ವೃದ್ಧರ ಮಣಿಕಟ್ಟಿನಲ್ಲಿ ಅದು ಚರ್ಮದಡಿ ಹುರಿಯ ಹಾಗೆ ಉರುಳುತ್ತದೆ. ಒತ್ತಿದರೂ ಅಲ್ಲೇ ಇರುತ್ತದೆ. ಇದಕ್ಕಿಂತ ಮುಖ್ಯವಾದದ್ದು ನಡೆಯುವುದು ಬೆರಳಿಗೆ ಸಿಗದ ಜಾಗದಲ್ಲಿ, ಹೃದಯದಿಂದ ಹೊರಡುವ ಮಹಾಧಮನಿಯಲ್ಲಿ. ಹೃದಯ ಬಡಿದಾಗ ಅದು ಉಬ್ಬಿ ಒಂದಷ್ಟು ರಕ್ತವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೃದಯ ಬಿಡುವು ತೆಗೆದುಕೊಂಡಾಗ ಕುಗ್ಗಿ ಅದನ್ನು ಮುಂದೆ ತಳ್ಳುತ್ತದೆ. ಹಳೇ ಕಾಲದ ಬೆಂಕಿ ನಂದಿಸುವ ಕೈಪಂಪಿನಲ್ಲಿ ಗಾಳಿ ತುಂಬಿದ ಕೋಠಿ ಇರುತ್ತಿತ್ತು. ಬಿಟ್ಟು ಬಿಟ್ಟು ಒತ್ತಿದರೂ ಅದರಿಂದಾಗಿ ನೀರು ಎಡೆಬಿಡದೆ ಚಿಮ್ಮುತ್ತಿತ್ತು. ಕುದುರೆಯ ರಕ್ತದೊತ್ತಡ ಅಳೆದಿದ್ದ ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿ 1733ರಲ್ಲೇ ಧಮನಿಗಳನ್ನು ಇದಕ್ಕೆ ಹೋಲಿಸಿದ್ದ.

ಆ ಉಬ್ಬು-ಕುಗ್ಗು ಬರುವುದು ಎಲಾಸ್ಟಿನ್ ಎಂಬ ನಾರಿನಿಂದ. ಅದು ತಯಾರಾಗುವುದು ಬಹುಪಾಲು ತಾಯಿಯ ಹೊಟ್ಟೆಯಲ್ಲಿ ಮತ್ತು ಬಾಲ್ಯದಲ್ಲಿ. ಆಮೇಲೆ ಹೊಸದು ಬರುವುದಿಲ್ಲವೆಂದೇ ಹೇಳಬೇಕು. ದಿನಕ್ಕೆ ಒಂದು ಲಕ್ಷ ಬಡಿತ. ಲಂಗದ ಎಲಾಸ್ಟಿಕ್ ಎರಡು ವರ್ಷಕ್ಕೆ ಸಡಿಲಾಗುತ್ತದೆ. ಇದು ಐವತ್ತು-ಅರವತ್ತು ವರ್ಷ ಬಂದರೆ ಅದೇ ದೊಡ್ಡದು. ಎಳೆಗಳು ಹರಿದಂತೆ ಕೊಲಾಜೆನ್ ಎಂಬ ಗಡುಸು ನಾರಿನ ಮೇಲೆ ಭಾರ ಬೀಳುತ್ತದೆ. ಏರಿದ ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಇದನ್ನು ಬೇಗ ಮಾಡಿಸುತ್ತವೆ. ಆಗ ಬಡಿದ ರಕ್ತವೆಲ್ಲ ಒಮ್ಮೆಗೇ ನುಗ್ಗುವುದರಿಂದ ಮೇಲಿನ ಅಂಕಿ ಏರುತ್ತದೆ. ಬಿಡುವಿನಲ್ಲಿ ತಳ್ಳಲು ಏನೂ ಉಳಿದಿರುವುದಿಲ್ಲ, ಕೆಳಗಿನದು ಇಳಿಯುತ್ತದೆ. ನಮ್ಮ ಅಜ್ಜಂದಿರು ಸಮಾಧಾನ ಪಟ್ಟುಕೊಳ್ಳುತ್ತಿದ್ದ ಆ 70, ಎಷ್ಟೋ ಸಲ, ಅದೇ ಕಾಯಿಲೆಯ ಇನ್ನೊಂದು ತುದಿ.

ಹೀಗೆ ಒಮ್ಮೆಗೇ ನುಗ್ಗುವ ರಕ್ತದ ಹೊಡೆತ ಮಿದುಳಿಗೂ ತಾಗುತ್ತದೆ. ಮಿದುಳಿಗೇ ಏಕೆ? ಕೈಕಾಲಿಗೆ ಹೋಗುವ ಸಣ್ಣ ನಾಳಗಳು ಬಿಗಿಯಾಗಿದ್ದು ರಭಸ ಮುರಿಯುತ್ತವೆ. ಮಿದುಳು ಹಾಗೆ ಬಾಗಿಲು ಹಾಕಿಕೊಂಡು ಕೂರಲಾರದು. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿರುವ ಅದಕ್ಕೆ ಹೃದಯ ತಳ್ಳುವ ರಕ್ತದಲ್ಲಿ ಸುಮಾರು ಹದಿನೈದು ಪಾಲು ಬೇಕು, ಅದೂ ಎಡೆಬಿಡದೆ. ಹಾಗಾಗಿ ಹೊಡೆತ ಕೂದಲೆಳೆಯಂಥ ನಾಳಗಳವರೆಗೂ ಇಳಿಯುತ್ತದೆ. ಅವುಗಳ ಗೋಡೆ ದಪ್ಪಗಾಗುತ್ತದೆ, ಒಳದಾರಿ ಕಿರಿದಾಗುತ್ತದೆ, ಕೆಲವು ಸೋರುತ್ತವೆ. ಮೊದಲು ಸೊರಗುವುದು ಮಿದುಳಿನ ಆಳದ ಬಿಳಿ ಭಾಗ, ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ಒಯ್ಯುವ ತಂತಿಗಳು. ನಾಲೆಯ ಕೊನೆಯ ಗದ್ದೆ ಇದ್ದ ಹಾಗೆ ಅದು. ಮೇಲೆ ಏನು ಕೆಟ್ಟರೂ ನೀರು ತಪ್ಪುವುದು ಅಲ್ಲಿಗೇ.

ಅತ್ತೆಗೆ ಮರೆವು ಬರಲಿಲ್ಲ, ಅದಕ್ಕೇ ನಮಗೆ ತಿಳಿಯಲಿಲ್ಲ. ತಮ್ಮ ಮದುವೆಯಲ್ಲಿ ಯಾರು ಯಾವ ಬಣ್ಣದ ಸೀರೆ ಕೊಟ್ಟರೆಂದು ಕೊನೆವರೆಗೂ ಹೇಳುತ್ತಿದ್ದರು. ಆದರೆ ಒಂದು ಯುಗಾದಿಗೆ ಒಬ್ಬಟ್ಟು ಮಾಡಲು ಕೂತವರು, ಬೇಳೆ ಬೆಂದು ಕಣಕ ನೆನೆದ ಮೇಲೂ, ಮುಂದೇನೆಂದು ತಿಳಿಯದೆ ಬೆಲ್ಲದ ಅಚ್ಚು ಹಿಡಿದು ಕೂತೇ ಇದ್ದರು. ಕೇಳಿದ್ದಕ್ಕೆ ಉತ್ತರ ಸರಿಯಾಗಿಯೇ ಬರುತ್ತಿತ್ತು, ತಡವಾಗಿ. ಹೆಜ್ಜೆ ಗಿಡ್ಡವಾಗಿ ನೆಲಕ್ಕೆ ಅಂಟಿದಂತಾಯಿತು. ಮೊಣಕಾಲಿಗೆ ಎಣ್ಣೆ ತಿಕ್ಕಿದೆವು. ಕೊನೆಗೆ ಎಂ.ಆರ್.ಐ. ಮಾಡಿಸಿದಾಗ ಮಿದುಳಿನ ನಡುವೆ ಸುಣ್ಣ ಚಿಮುಕಿಸಿದಂತೆ ಬಿಳಿ ಮಚ್ಚೆಗಳು. ಸ್ಮಾಲ್ ವೆಸೆಲ್ ಡಿಸೀಸ್, ಅಂದರೆ ಸಣ್ಣ ನಾಳಗಳ ಕಾಯಿಲೆ, ಎಂದರು ಡಾಕ್ಟರು. ಮನೆಗೆ ಬಂದು ಬಿ.ಪಿ. ಪುಸ್ತಕ ತೆಗೆದೆ: 168/72, 172/68, 176/66. ಎಲ್ಲ ನನ್ನದೇ ಅಕ್ಷರ.

ಹರಿದ ಎಲಾಸ್ಟಿನ್ ಹೊಲಿಯುವ ಔಷಧ ಇಲ್ಲ. ಒತ್ತಡ ಇಳಿಸಬಹುದು. ಅಮೆರಿಕದ ಸ್ಪ್ರಿಂಟ್ ಪ್ರಯೋಗದಲ್ಲಿ ಐವತ್ತು ದಾಟಿದ 9,000ಕ್ಕೂ ಹೆಚ್ಚು ಜನರಲ್ಲಿ ಒಂದು ಗುಂಪಿಗೆ ಮೇಲಿನ ಅಂಕಿ 140ರ ಕೆಳಗೆ, ಇನ್ನೊಂದಕ್ಕೆ 120ರ ಕೆಳಗೆ ಎಂಬ ಗುರಿ ಇಟ್ಟರು. 2019ರ ಫಲಿತಾಂಶದಂತೆ, 120ರ ಗುಂಪಿನಲ್ಲಿ ಬುದ್ಧಿಶಕ್ತಿಯ ಸಣ್ಣ ಕುಸಿತ 19% ಕಡಿಮೆ. ಪೂರ್ತಿ ಡಿಮೆನ್ಷಿಯಾದಲ್ಲಿ ಖಚಿತ ವ್ಯತ್ಯಾಸ ಸಿಗಲಿಲ್ಲ. ಹಾಗೆಂದು 120 ನೋಡಲೇಬೇಕೆಂದು ಎಂಬತ್ತರ ಅಜ್ಜಿಗೆ ಗುಳಿಗೆ ಸುರಿಯುವವರನ್ನೂ ಕಂಡಿದ್ದೇನೆ. ಅವರನ್ನು ಎಬ್ಬಿಸಿ ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿ ಮಾರಾಯರೇ, ಎದ್ದ ಕೂಡಲೇ ತಲೆ ಸುತ್ತಿ ಬಿದ್ದು ಸೊಂಟ ಮುರಿದುಕೊಂಡರೆ ಯಾರಿಗೆ ಲಾಭ?

ಈಗ ಪುಸ್ತಕದಲ್ಲಿ ಮೂರನೇ ಗೆರೆ ಎಳೆದಿದ್ದೇನೆ, ಮೇಲಿನದರಲ್ಲಿ ಕೆಳಗಿನದನ್ನು ಕಳೆದು, ಧಮನಿ ಗಡುಸಾದಂತೆ ಹಿಗ್ಗುವ ಆ ಅಂತರವನ್ನು ಬರೆಯಲು. ಅತ್ತೆಯ ಕೊನೆಯ ಸಾಲಿಗೆ 110 ಬಂತು. ಮೊನ್ನೆ ನನ್ನದೇ ನೋಡಿಕೊಂಡೆ: 148, 80, ಕಳೆದರೆ 68. ಗುಳಿಗೆ ಶುರುವಾಗಿದೆ, ಉಪ್ಪಿನಕಾಯಿ ಭರಣಿ ಅಟ್ಟ ಸೇರಿದೆ. ಎರಡು ವಾರ ಬಿಟ್ಟು ಮತ್ತೆ ನೋಡಬೇಕು.