ಗೃಧ್ರಸಿ ಮತ್ತು ಸಯಾಟಿಕ್ ನರದ ಹಾನಿ: ನಿದಾನಕ್ರಮದ ಒಂದು ಚಾರಿತ್ರಿಕ ವಿವೇಚನೆ

ಸೊಂಟದಿಂದ ಹೊರಟು ತೊಡೆಯ ಹಿಂಬದಿಯಲ್ಲಿ ಪಾದದವರೆಗೆ ಇಳಿಯುವ ನೋವನ್ನು ವೈದ್ಯರು ಸಯಾಟಿಕಾ ಎಂದು ಕರೆಯುತ್ತಾರೆ. ಆಯುರ್ವೇದ ಗ್ರಂಥಗಳಲ್ಲಿ ಇದಕ್ಕೆ ಗೃಧ್ರಸಿ ಎಂಬ ಹೆಸರುಂಟು. ಈ ಹೆಸರುಗಳು ಸೂಚಿಸುವುದು ಒಂದು ಲಕ್ಷಣವನ್ನೇ ಹೊರತು ಅದರ ಕಾರಣವನ್ನಲ್ಲ. ನೋವು ಕಾಣಿಸಿದ ಸ್ಥಳವೊಂದು, ಹಾನಿಯಾದ ಸ್ಥಳ ಮತ್ತೊಂದು ಆಗಿರಬಹುದು. ಚಿಕಿತ್ಸೆಯನ್ನು ಸೂಚಿಸುವುದು ನಮ್ಮ ಅಧಿಕಾರಕ್ಕೆ ಮೀರಿದ ಮಾತು. ಆದರೆ ಸಾಕ್ಷ್ಯಗಳನ್ನು ತೂಗಿ ನಿರ್ಣಯಕ್ಕೆ ಬರುವ ಕ್ರಮವು ಇತಿಹಾಸದ ಅಭ್ಯಾಸಿಗಳಿಗೂ ಸಂಬಂಧಿಸಿದುದರಿಂದ, ಆ ದೃಷ್ಟಿಯಿಂದ ಈ ವಿಷಯವನ್ನು ಇಲ್ಲಿ ಪರಿಶೀಲಿಸುತ್ತೇವೆ.

೧. ನರದ ಮಾರ್ಗ

ಸಯಾಟಿಕ್ ನರವು ಮಾನವದೇಹದ ಅತ್ಯಂತ ದಪ್ಪವಾದ ನರ. ಸೊಂಟದ ೪ ಮತ್ತು ೫ನೆಯ ಹಾಗೂ ತ್ರಿಕಾಸ್ಥಿಯ ೧, ೨, ೩ನೆಯ ನರಮೂಲಗಳು ಕೂಡಿ ಅದು ಉಂಟಾಗುತ್ತದೆ. ಪೃಷ್ಠದ ಸ್ನಾಯುಗಳ ಅಡಿಯಲ್ಲಿ ಸಾಗಿ, ತೊಡೆಯ ಹಿಂಬದಿಯಲ್ಲಿ ಇಳಿದು, ಸಾಮಾನ್ಯವಾಗಿ ಮೊಣಕಾಲಿನ ಮೇಲ್ಗಡೆ ಎರಡು ಕವಲಾಗುತ್ತದೆ. ಒಂದು ಕವಲು ಮೀನಖಂಡಕ್ಕೂ ಅಂಗಾಲಿಗೂ, ಮತ್ತೊಂದು ಕಾಲಿನ ಮುಂಭಾಗಕ್ಕೂ ಪಾದದ ಮೇಲ್ಭಾಗಕ್ಕೂ ಹೋಗುವುದು. ಇಷ್ಟು ದೀರ್ಘವಾದ ಮಾರ್ಗದಲ್ಲಿ ಎಲ್ಲಿ ಪೆಟ್ಟಾದರೂ ಅದರ ಫಲ ಕಾಲಿನಲ್ಲಿಯೇ ತೋರುವುದರಿಂದ ನಿದಾನವು ಕಠಿನವಾಗಿದೆ.

೨. ಅರಿವು ಬೆಳೆದ ಬಗೆ

ಪೃಷ್ಠದಿಂದ ಸೊಂಟ, ಬೆನ್ನು, ತೊಡೆ, ಮೊಣಕಾಲು, ಮೀನಖಂಡ, ಪಾದಗಳಿಗೆ ನೋವು ಹರಡುವ ಕ್ರಮವನ್ನು ಚರಕಸಂಹಿತೆ ಹೇಳುತ್ತದೆ. ಕಾಲನ್ನು ಚಾಚುವುದಕ್ಕೆ ತಡೆಯುಂಟಾಗುವುದನ್ನು ಸುಶ್ರುತಸಂಹಿತೆ ಲಕ್ಷಣವಾಗಿ ಗಣಿಸಿದೆ. ಇವು ಸೂಕ್ಷ್ಮವಾದ ಅವಲೋಕನಗಳು. ಆದರೆ ಆ ಗ್ರಂಥಗಳು ಕಾರಣವನ್ನು ವಾತದಲ್ಲಿ ಕಂಡುವು. ಅವುಗಳಲ್ಲಿ ಇಂದಿನ ನರಶಾಸ್ತ್ರವನ್ನು ಹುಡುಕುವುದು ಚರಿತ್ರೆಗೆ ನ್ಯಾಯವಾಗದು.

ಯೂರೋಪಿನಲ್ಲಿಯೂ ಈ ನೋವನ್ನು ಬಹುಕಾಲ ಸೊಂಟದ ಕೀಲಿನ ವ್ಯಾಧಿಗಳೊಡನೆ ಬೆರೆಸಿ ಎಣಿಸುತ್ತಿದ್ದರು. ೧೭೬೪ರಲ್ಲಿ ನೇಪಲ್ಸಿನ ಅಂಗರಚನಾಶಾಸ್ತ್ರಜ್ಞ ದೊಮೆನಿಕೊ ಕೊತುನ್ಯೊ ತನ್ನ ಗ್ರಂಥದಲ್ಲಿ ಕೀಲಿನ ನೋವನ್ನೂ ನರದ ನೋವನ್ನೂ ಸ್ಪಷ್ಟವಾಗಿ ಬೇರ್ಪಡಿಸಿದನು. ನರದ ಹೊದಿಕೆಯಲ್ಲಿ ಸೇರಿದ ದ್ರವವೇ ಮೂಲವೆಂಬ ಅವನ ಊಹೆ ನಿಲ್ಲಲಿಲ್ಲ. ನೋವು ನರದ್ದೆಂಬ ಮಾತು ನಿಂತಿತು.

ಮಲಗಿದ ರೋಗಿಯ ಕಾಲನ್ನು ಮೊಣಕಾಲು ಮಡಿಸದೆ ಮೇಲೆತ್ತುವ ಪರೀಕ್ಷೆಯ ಚರಿತ್ರೆ ಕುತೂಹಲಕರವಾದುದು. ಅದಕ್ಕೆ ಫ್ರಾನ್ಸಿನ ಲಸೇಗನ ಹೆಸರು ರೂಢಿಯಲ್ಲಿದೆ. ಆದರೆ ೧೮೬೪ರ ಅವನ ಲೇಖನದಲ್ಲಿ ಈ ಪರೀಕ್ಷೆಯ ವಿವರಣೆಯಿಲ್ಲ. ಅದನ್ನು ೧೮೮೧ರಲ್ಲಿ ಪ್ರಕಟಿಸಿದವನು ಅವನ ಶಿಷ್ಯ ಫೋರ್ಸ್ತ್. ಅದಕ್ಕೆ ಒಂದು ವರ್ಷ ಮುಂಚೆ, ೧೮೮೦ರಲ್ಲಿಯೇ, ಸೆರ್ಬಿಯದ ವೈದ್ಯನೂ ಕಥೆಗಾರನೂ ಆದ ಲಾಜ಼ಾ ಲಾಜ಼ರೆವಿಚ್ ಇದನ್ನು ವಿವರಿಸಿ, ನರವು ಎಳೆಯಲ್ಪಡುವುದೇ ನೋವಿಗೆ ಕಾರಣವೆಂದು ಸರಿಯಾಗಿ ಹೇಳಿದ್ದನು. ಸೆರ್ಬಿಯನ್ ಭಾಷೆಯಲ್ಲಿ ಬರೆದ ಆ ಲೇಖನ ಹೊರಗಿನವರ ಗಮನಕ್ಕೆ ಬಾರದೆ ಹೋದುದು ಸಹಜ.

೧೯೩೪ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು, ಬೆನ್ನೆಲುಬಿನ ಮಣಿಗಳ ನಡುವಣ ಬಿಲ್ಲೆ ಬಿರಿದು ಹೊರಚಾಚಿ ನರಮೂಲವನ್ನು ಒತ್ತುವುದನ್ನು ತೋರಿಸಿಕೊಟ್ಟರು. ಅದುವರೆಗೆ ಗೆಡ್ಡೆಗಳೆಂದು ಭಾವಿಸಿದ್ದ ಹಲವು ವಸ್ತುಗಳು ಬಿಲ್ಲೆಯ ಚೂರುಗಳೆಂದು ಇದರಿಂದ ಗೊತ್ತಾಯಿತು.

೩. ಹಾನಿಯ ಸ್ಥಳವನ್ನು ಗೊತ್ತುಮಾಡುವ ಕ್ರಮ

ಬೆನ್ನೆಲುಬಿನಲ್ಲಿ ನರಮೂಲ ಒತ್ತಲ್ಪಡುವುದು ಬೇರೆ, ಸಯಾಟಿಕ್ ನರಕ್ಕೇ ಹಾನಿಯಾಗುವುದು ಬೇರೆ. ಮೊದಲನೆಯದೇ ಹೆಚ್ಚು ಸಾಮಾನ್ಯ. ಎರಡನೆಯದು ಸೊಂಟದ ಕೀಲು ಹಿಂದಕ್ಕೆ ತಪ್ಪಿದಾಗ, ಆ ಕೀಲಿನ ಶಸ್ತ್ರಚಿಕಿತ್ಸೆಯಲ್ಲಿ, ಅಥವಾ ಪೃಷ್ಠದಲ್ಲಿ ತಪ್ಪಾದ ಸ್ಥಳಕ್ಕೆ ಸೂಜಿಮದ್ದು ಕೊಟ್ಟಾಗ ಉಂಟಾಗಬಹುದು.

ಒಂದು ಉದಾಹರಣೆಯಿಂದ ಈ ಭೇದ ತಿಳಿಯುವುದು. ಒಬ್ಬನಿಗೆ ಪಾದವನ್ನು ಮೇಲೆತ್ತಲಾಗದೆ, ನಡೆಯುವಾಗ ಕಾಲ್ಬೆರಳುಗಳು ನೆಲಕ್ಕೆ ಎಡವುತ್ತವೆ ಎನ್ನೋಣ. ಮೊಣಕಾಲಿನ ಹೊರಬದಿಯಲ್ಲಿ ಕವಲುನರ ಮಾತ್ರ ಒತ್ತಲ್ಪಟ್ಟಿದ್ದರೆ, ಪಾದವನ್ನು ಒಳಕ್ಕೆ ತಿರುಗಿಸುವ ಶಕ್ತಿ ಉಳಿದಿರುತ್ತದೆ. ಸೊಂಟದ ೫ನೆಯ ನರಮೂಲಕ್ಕೆ ಹಾನಿಯಾಗಿದ್ದರೆ ಆ ಶಕ್ತಿಯೂ ಕುಂದುತ್ತದೆ. ಆದರೆ ಹಿಮ್ಮಡಿಯ ಪ್ರತಿವರ್ತನೆ ಸಾಮಾನ್ಯವಾಗಿ ಉಳಿದಿರುವುದು. ಸಯಾಟಿಕ್ ನರಕ್ಕೇ ತೀವ್ರವಾದ ಪೆಟ್ಟಾಗಿದ್ದರೆ, ಇವೆಲ್ಲದರ ಜೊತೆಗೆ ಹಿಮ್ಮಡಿಯ ಪ್ರತಿವರ್ತನೆಯೂ ಅಂಗಾಲಿನ ಸ್ಪರ್ಶಜ್ಞಾನವೂ ಮೊಣಕಾಲನ್ನು ಮಡಿಸುವ ಬಲವೂ ಕುಗ್ಗಬಹುದು. ಕಾಣುವ ದೋಷವೊಂದೇ, ಮೂಲಗಳು ಮೂರು.

ಸ್ನಾಯುಗಳ ವಿದ್ಯುತ್ ಪರೀಕ್ಷೆಯು ಇಲ್ಲಿ ನೆರವಾಗುತ್ತದೆ. ಬೆನ್ನೆಲುಬಿನ ಪಕ್ಕದ ಸ್ನಾಯುಗಳಲ್ಲಿಯೂ ವಿಕಾರ ಕಂಡರೆ ಹಾನಿಯು ನರಮೂಲದಲ್ಲಿದೆ ಎಂಬುದಕ್ಕೆ ಅದು ಪ್ರಬಲವಾದ ಆಧಾರ. ಆದರೆ ಈ ವಿಕಾರಗಳು ಪೂರ್ಣವಾಗಿ ಕಾಣಿಸಿಕೊಳ್ಳಲು ಸುಮಾರು ೩ ವಾರಗಳು ಬೇಕು. ಅದಕ್ಕೆ ಮುಂಚೆ ಪರೀಕ್ಷಿಸಿ ದೋಷವಿಲ್ಲವೆನ್ನುವುದು ಅವಸರದ ತೀರ್ಪಾದೀತು.

೪. ಚಿತ್ರದ ಸಾಕ್ಷ್ಯ

ಇಂದು ಕಾಂತೀಯ ಅನುರಣನ ಚಿತ್ರವು, ಎಂದರೆ ಎಂ.ಆರ್.ಐ., ಬಿಲ್ಲೆಗಳನ್ನೂ ನರಮೂಲಗಳನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಹಾಗಿದ್ದರೂ ಚಿತ್ರವೇ ನಿರ್ಣಯವಲ್ಲ. ಬೆನ್ನುನೋವಿಲ್ಲದ ೯೮ ಜನರನ್ನು ಪರೀಕ್ಷಿಸಿ ೧೯೯೪ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಎಲ್ಲ ಬಿಲ್ಲೆಗಳೂ ಸಹಜವಾಗಿದ್ದವರು ಶೇಕಡ ೩೬ ಮಾತ್ರ. ಉಳಿದವರ ಚಿತ್ರಗಳಲ್ಲಿ ವಿಕಾರವಿತ್ತು, ದೇಹದಲ್ಲಿ ನೋವಿರಲಿಲ್ಲ. ಶಾಸನವೊಂದು ದೊರೆತ ಮಾತ್ರಕ್ಕೆ ಅದರಲ್ಲಿ ಹೇಳಿದುದೆಲ್ಲ ನಡೆಯಿತೆಂದು ನಾವು ಒಪ್ಪುವುದಿಲ್ಲ. ಇತರ ಆಧಾರಗಳೊಡನೆ ಹೋಲಿಸಿ ನೋಡುತ್ತೇವೆ. ಹಾಗೆಯೇ ರೋಗಿಯ ಹೇಳಿಕೆ, ವೈದ್ಯನ ಪರೀಕ್ಷೆ, ಚಿತ್ರ ಈ ಮೂರೂ ಒಂದೇ ಸ್ಥಳವನ್ನು ತೋರಿದಾಗ ಮಾತ್ರ ನಿದಾನವು ದೃಢವಾಗುವುದು. ಇದನ್ನು ಮರೆತರೆ ನೋವಿಗೆ ಕಾರಣವಲ್ಲದ ಬಿಲ್ಲೆಗೆ ಶಸ್ತ್ರಚಿಕಿತ್ಸೆಯಾಗುವ ಅಪಾಯವುಂಟು.

ಗೃಧ್ರಸಿಯು ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಶಮನವಾಗುವುದರಿಂದ, ಸಾಮಾನ್ಯವಾಗಿ ಕಾದು ನೋಡುವುದಕ್ಕೆ ಅವಕಾಶವಿದೆ. ಆದರೆ ಮೂತ್ರ ಕಟ್ಟುವುದು, ಮಲಮೂತ್ರಗಳ ಹತೋಟಿ ತಪ್ಪುವುದು, ಗುಹ್ಯಭಾಗ ಮರಗಟ್ಟುವುದು, ಕಾಲಿನ ಬಲ ವೇಗವಾಗಿ ಕುಂದುವುದು, ಇವುಗಳಲ್ಲಿ ಒಂದು ಕಂಡರೂ ಆ ದಿನವೇ ಆಸ್ಪತ್ರೆಯನ್ನು ಸೇರಬೇಕು. ಬೆನ್ನೆಲುಬಿನ ಕೆಳಗಿನ ನರಗುಚ್ಛವು ಒತ್ತಲ್ಪಟ್ಟಿರುವುದಕ್ಕೆ ಅವು ಸೂಚನೆಗಳಾಗಿರಬಹುದು. ಅಲ್ಲಿ ತಡಮಾಡಿದರೆ ಹಾನಿಯು ಶಾಶ್ವತವಾಗಬಹುದು.