ಹಳೆಯ ಜೀಪಿನ ಬೆಲ್ಟು: ಅಳತೆ ಮತ್ತು ಬದಲಾವಣೆ



ಕೊಯ್ಲಿನ ಕಾಲದಲ್ಲಿ ಸಂಘದ ಕಚೇರಿಗೆ ಬರುವ ದೂರುಗಳಲ್ಲಿ ಒಂದು ಮಾತ್ರ ವರ್ಷವೂ ತಪ್ಪುವುದಿಲ್ಲ. "ಹೊಸ ಬೆಲ್ಟು ಹಾಕಿ ತಿಂಗಳಾಗಲಿಲ್ಲ, ಆಗಲೇ ಹೋಯಿತು. ಈಗಿನ ಮಾಲೇ ಹೀಗೆ" ಎನ್ನುತ್ತಾರೆ. ಮಾಲಿನಲ್ಲಿ ದೋಷ ಇರಬಹುದು. ಆದರೆ ನಾನು ಕಂಡ ಮಟ್ಟಿಗೆ ಹೆಚ್ಚಿನ ಸಲ ತಪ್ಪು ಇರುವುದು ಅಳತೆಯಲ್ಲಿ. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ಕಲಬುರಗಿ ಜಿಲ್ಲೆಯ ರಸ್ತೆಯ ಮೇಲೆ ಬಿಸಿಲಿನಲ್ಲಿ ನಿಂತು ಕಲಿತದ್ದು.

ಕೆಲವು ವರ್ಷಗಳ ಹಿಂದೆ ಕಾಫಿ ಕೊಯ್ಲು ಮುಗಿದ ಮೇಲೆ, ಮನೆಯವರ ಹರಕೆ ತೀರಿಸಲೆಂದು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ನಮ್ಮ ಹಳೆಯ ಜೀಪಿನಲ್ಲೇ ಹೊರಟೆವು. ಹೊರಡುವ ಮೊದಲು ಜಾಗ್ರತೆಗೆಂದು ಫ್ಯಾನ್ ಬೆಲ್ಟೊಂದನ್ನು ಹೆಚ್ಚಿಗೆ ಕೊಂಡಿದ್ದೆ. ಗಾಡಿಯಲ್ಲಿದ್ದ ಬೆಲ್ಟಿನ ನಂಬರು ಅಳಿಸಿಹೋಗಿತ್ತು. ಅದನ್ನು ಬಿಚ್ಚಿ, ಹೊರಸುತ್ತಿಗೆ ಟೇಪು ಹಿಡಿದಾಗ ೪೩ ಇಂಚು ಬಂತು. ಅಂಗಡಿಗೆ ಹೋಗಿ "ಎ ೪೩" ಕೇಳಿ ತಂದೆ. ಅದನ್ನು ಒಮ್ಮೆಯೂ ಹಾಕಿ ನೋಡಲಿಲ್ಲ. ಸೀಟಿನಡಿ ಇಟ್ಟು ನಿಶ್ಚಿಂತನಾದೆ.

ಶಹಾಪುರ ದಾಟಿ ಜೇವರ್ಗಿಗೆ ಇನ್ನೂ ಕೆಲವು ಮೈಲಿ ಇರುವಾಗ ಬೆಲ್ಟು ಹರಿಯಿತು. ಜೀಪಿನಲ್ಲಿ ಈ ಒಂದು ಬೆಲ್ಟೇ ಫ್ಯಾನು, ನೀರಿನ ಪಂಪು, ಡೈನಮೊ ಮೂರನ್ನೂ ತಿರುಗಿಸುತ್ತದೆ. ಚಾರ್ಜಿಂಗ್ ದೀಪ ಹತ್ತಿಕೊಂಡಿತು, ನೀರಿನ ಬಿಸಿ ತೋರಿಸುವ ಮುಳ್ಳು ಏರತೊಡಗಿತು. ಸೀಟಿನಡಿಯ ಹೊಸ ಬೆಲ್ಟು ತೆಗೆದು ಹಾಕಿದೆ. ಡೈನಮೊವನ್ನು ಪಟ್ಟಿಯ ತುದಿಯವರೆಗೆ ಎಳೆದರೂ ಬೆಲ್ಟು ಬಿಗಿಯಾಗಲಿಲ್ಲ. ಹತ್ತು ನಿಮಿಷ ಓಡಿಸುವುದು, ಅರ್ಧ ಗಂಟೆ ನಿಲ್ಲಿಸುವುದು, ಹೀಗೆ ಜೇವರ್ಗಿ ಸೇರುವಷ್ಟರಲ್ಲಿ ಮಧ್ಯಾಹ್ನ ಮೀರಿತ್ತು. ಮನೆಯವರು ಏನೂ ಹೇಳಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ಅಲ್ಲಿ ತೊಗರಿ ರಾಶಿ ಮಾಡುವ ಮಷಿನುಗಳನ್ನು ರಿಪೇರಿ ಮಾಡುವ ಹಿರಿಯರೊಬ್ಬರು ಸಿಕ್ಕರು. ಬೆಲ್ಟನ್ನು ಒಮ್ಮೆ ಒತ್ತಿ ನೋಡಿ, "ಬೆಲ್ಟ್ ಹೊಸಾದದರಿ ಸಾಹೇಬ್ರ, ಖರೆ ಈ ಗಾಡೀದಲ್ಲ" ಎಂದರು. ಹಳೆಯ ಬೆಲ್ಟಿನ ಅಳತೆ ಹಿಡಿದೇ ತಂದೆನೆಂದು ನಾನು ವಾದಿಸಿದೆ. "ಹರದ ಬೆಲ್ಟಿಗಿ ಏನ್ ಕೇಳ್ತೀರಿ? ಗಾಲಿಗಿ ಕೇಳ್ರಿ" ಎಂದವರೇ ಒಂದು ಸುತಳಿ ತೆಗೆದುಕೊಂಡು ಪುಲ್ಲಿಗಳ ಸುತ್ತ ಹಿಡಿದರು. ಅಲ್ಲಿ ಬೇಕಾಗಿದ್ದದ್ದು "ಎ ೪೧". ಅದು ಅವರಲ್ಲೇ ಇತ್ತು. ಹಾಕಲು ಕಾಲು ಗಂಟೆ ಸಾಕಾಯಿತು.

ನನ್ನ ತಪ್ಪು ಎಲ್ಲಿತ್ತೆಂದು ತಿಳಿಯಬೇಕಾದರೆ ಈ ಬೆಲ್ಟು ಕೆಲಸ ಮಾಡುವ ಕ್ರಮ ತಿಳಿದಿರಬೇಕು. ಇಂಗ್ಲಿಷಿನ 'ವಿ' ಅಕ್ಷರದ ಆಕಾರದ ಈ ಬೆಲ್ಟು ಪುಲ್ಲಿಯ ತೋಡಿನಲ್ಲಿ ಬೆಣೆಯಂತೆ ಕೂರುತ್ತದೆ. ಹಿಡಿಯುವುದು ಅದರ ಎರಡು ಬದಿಗಳು, ತಳವಲ್ಲ. ಬೆಣೆಯ ಈ ಗುಣದಿಂದಲೇ ಅದೇ ಬಿಗಿತದ ಚಪ್ಪಟೆ ಬೆಲ್ಟಿಗಿಂತ ಸುಮಾರು ಮೂರು ಪಟ್ಟು ಹಿಡಿತ ಬರುತ್ತದೆ. ಬೆಲ್ಟು ಸವೆದು ಅಥವಾ ಅಗಲ ಕಡಿಮೆಯಾಗಿ ತೋಡಿನ ತಳ ಮುಟ್ಟಿತೆಂದರೆ ಬದಿಯ ಹಿಡಿತ ಹೋಯಿತು. ಆಮೇಲೆ ಎಷ್ಟು ಬಿಗಿ ಮಾಡಿದರೂ ಅದು ಜಾರುತ್ತದೆ, ಬಿಸಿಯಾಗುತ್ತದೆ, ಹರಿಯುತ್ತದೆ. ಸರಿಯಾದ ಬೆಲ್ಟಿನ ಮೇಲ್ಮೈ ಪುಲ್ಲಿಯ ಅಂಚಿಗೆ ಸಮನಾಗಿ, ಅಥವಾ ಕೂದಲೆಳೆಯಷ್ಟು ಮೇಲೆ ಇರುತ್ತದೆ.

ಆದ್ದರಿಂದ ಮೊದಲು ನೋಡಬೇಕಾದದ್ದು ಅಗಲ. 'ಎ' ಬೆಲ್ಟಿನ ಮೇಲಗಲ ೧೩ ಮಿ.ಮೀ., ದಪ್ಪ ೮ ಮಿ.ಮೀ. 'ಬಿ' ೧೭ ಮತ್ತು ೧೧. 'ಸಿ' ೨೨ ಮತ್ತು ೧೪. 'ಎಸ್‌ಪಿಎ' ಎಂಬ ಇನ್ನೊಂದು ಜಾತಿ ಅಗಲದಲ್ಲಿ 'ಎ' ಇದ್ದ ಹಾಗೇ ಕಂಡರೂ ದಪ್ಪ ೧೦ ಮಿ.ಮೀ.; 'ಎ' ಪುಲ್ಲಿಗೆ ಅದನ್ನು ಹಾಕಬಾರದು.

ಎರಡನೆಯದು ಉದ್ದ. ನಾನು ಎಡವಿದ್ದು ಇಲ್ಲಿ. 'ಎ ೪೧' ಎಂಬಲ್ಲಿ ೪೧ ಎಂದರೆ ಬೆಲ್ಟಿನ ಒಳಸುತ್ತು, ಇಂಚುಗಳಲ್ಲಿ. ಟೇಪು ಹಿಡಿದರೆ ನಮಗೆ ಸಿಗುವುದು ಹೊರಸುತ್ತು. 'ಎ' ಬೆಲ್ಟಿನಲ್ಲಿ ಇವೆರಡರ ನಡುವಿನ ವ್ಯತ್ಯಾಸ ಸುಮಾರು ೫೦ ಮಿ.ಮೀ., ಅಂದರೆ ಎರಡು ಇಂಚು. 'ಬಿ' ಬೆಲ್ಟಿನಲ್ಲಿ ಸುಮಾರು ೬೯ ಮಿ.ಮೀ. ಹೊರಸುತ್ತಿನ ಅಂಕಿಯನ್ನು ಒಳಸುತ್ತೆಂದು ಹೇಳಿ ತಂದರೆ ಅಷ್ಟೂ ಉದ್ದ ಹೆಚ್ಚಾಗುತ್ತದೆ. ವಾಹನಗಳ ಬೆಲ್ಟಿನ ಮೇಲೆ "೧೦ × ೧೦೦೦" ಎಂಬಂತೆ ಇದ್ದರೆ ಲೆಕ್ಕ ಬೇರೆ: ಸಾಮಾನ್ಯವಾಗಿ ಅಲ್ಲಿ ಮೊದಲನೆಯದು ಮೇಲಗಲ, ಎರಡನೆಯದು ಹೊರಸುತ್ತು, ಎರಡೂ ಮಿ.ಮೀ.ಗಳಲ್ಲಿ.

ಹಳೆಯ ಜೀಪುಗಳಲ್ಲಿ ಕೈಪಿಡಿಯ ನಂಬರನ್ನೂ ಪೂರ್ತಿ ನಂಬುವಂತಿಲ್ಲ. ಕೈಯಿಂದ ಕೈಗೆ ದಾಟಿ ಬಂದ ಗಾಡಿಗಳಲ್ಲಿ ಎಂಜಿನ್, ಡೈನಮೊ, ಪುಲ್ಲಿ ಯಾವುದಾದರೂ ಬದಲಾಗಿರುತ್ತದೆ. ಆದ್ದರಿಂದ ಪುಲ್ಲಿಯನ್ನೇ ಅಳೆಯಬೇಕು. ಕ್ರಮ ಹೀಗೆ:

೧. ಎಂಜಿನ್ ತಣ್ಣಗಾಗಲಿ. ಬ್ಯಾಟರಿಯ ಅರ್ತ್ ತಂತಿ ಬಿಚ್ಚಿರಿ. ಬಿಸಿ ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ.

೨. ಡೈನಮೊದ ಬೋಲ್ಟು ಸಡಿಲಿಸಿ ಎಂಜಿನ್ ಕಡೆಗೆ ತಳ್ಳಿ, ಹಳೆಯ ಬೆಲ್ಟು ತೆಗೆಯಿರಿ. ತೋಡಿನ ಒಳಬದಿ ಬೆರಳಿನಿಂದ ಸವರಿ ನೋಡಿ. ಬದಿ ಗುಳಿಬಿದ್ದು ಸವೆದಿದ್ದರೆ ಅಥವಾ ತಳ ಹೊಳೆಯುತ್ತಿದ್ದರೆ ಮೊದಲು ಪುಲ್ಲಿ ಬದಲಾಗಬೇಕು.

೩. ಡೈನಮೊವನ್ನು ಪಟ್ಟಿಯ ಸೀಳಿನ ಒಳತುದಿಯಿಂದ ಮೂರನೆಯ ಒಂದು ಭಾಗದಲ್ಲಿ ನಿಲ್ಲಿಸಿ. ಮುಂದೆ ಬಿಗಿ ಮಾಡಲು ಜಾಗ ಉಳಿಯಬೇಕಲ್ಲ.

೪. ಹಿಗ್ಗದ ಸುತಳಿಯನ್ನು ಎಲ್ಲ ಪುಲ್ಲಿಗಳ ಹೊರ ಅಂಚಿನ ಮೇಲೆ, ಬೆಲ್ಟು ಹೋಗುವ ದಾರಿಯಲ್ಲೇ ಬಿಗಿಯಾಗಿ ಸುತ್ತಿ ಗುರುತು ಹಾಕಿ, ಬಿಚ್ಚಿ ಅಳೆಯಿರಿ. ಇದು ಹೊರಸುತ್ತು.

೫. ನನ್ನ ಜೀಪಿನಲ್ಲಿ ೧೦೯೨ ಮಿ.ಮೀ. ಬಂತು. 'ಎ' ಆದ್ದರಿಂದ ೫೦ ಕಳೆದರೆ ೧೦೪೨. ಅದನ್ನು ೨೫.೪ರಿಂದ ಭಾಗಿಸಿದರೆ ೪೧.

ಬೆಲ್ಟನ್ನು ಸ್ಕ್ರೂಡ್ರೈವರಿನಿಂದ ಮೀಟಿ ಹಾಕುವುದು ನಮ್ಮಲ್ಲಿ ವಾಡಿಕೆಯಾಗಿದೆ. ಹಾಗೆ ಮಾಡಿದರೆ ಒಳಗಿನ ದಾರದ ಎಳೆಗಳು ಅಲ್ಲೇ ಹರಿಯುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಡೈನಮೊ ಸಡಿಲಿಸಿಯೇ ಹಾಕಬೇಕು. ಬಿಗಿ ಮಾಡಿದ ಮೇಲೆ ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ಬಾಗಿದರೆ ಸಾಕು. ಅದಕ್ಕಿಂತ ಬಿಗಿಯಾದರೆ ಪಂಪಿನ ಬೇರಿಂಗಿಗೆ ಪೆಟ್ಟು.

ಜೇವರ್ಗಿಯ ಹಿರಿಯರು ಬೀಳ್ಕೊಡುವಾಗ, ಗಾಣಗಾಪುರದಲ್ಲಿ ಮತ್ತೆ ನೋಡಿ ಎಂದು ಹೇಳಿ ಕಳಿಸಿದ್ದರು. ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಬಳಿ ಜೀಪು ನಿಲ್ಲಿಸಿ ಒತ್ತಿ ನೋಡಿದರೆ ನಿಜಕ್ಕೂ ಸಡಿಲಾಗಿತ್ತು. ಹೊಸ ಬೆಲ್ಟು ಮೊದಲ ಕೆಲವು ಗಂಟೆಗಳಲ್ಲಿ ತೋಡಿನಲ್ಲಿ ಕೂತು ಸ್ವಲ್ಪ ಹಿಗ್ಗುತ್ತದೆ. ಆಗ ಒಮ್ಮೆ ಬಿಗಿ ಮಾಡದಿದ್ದರೆ ಜಾರಿ ಸುಡುತ್ತದೆ. "ತಿಂಗಳಲ್ಲಿ ಹೋಯಿತು" ಎಂಬ ದೂರಿನ ಮೂಲ ಬಹಳ ಸಲ ಇದೇ.

ಅಮರ್ಜಾ ನದಿ ಹರಿದುಬರುವುದು ಆಳಂದ ತಾಲ್ಲೂಕಿನಿಂದ. ಅಲ್ಲಿರುವ ಪರಿಚಿತರೊಬ್ಬರ ಹೊಲಕ್ಕೆ ಮರುದಿನ ಹೋದಾಗ ಕಡಲೆ ರಾಶಿ ನಡೆದಿತ್ತು. ಮೂರು ಬೆಲ್ಟಿನ ಮಷಿನು. ಒಂದು ಹರಿದಿತ್ತು, ಅವರು ಮೂರನ್ನೂ ಬದಲಿಸುತ್ತಿದ್ದರು. ದುಂದಲ್ಲವೇ ಎಂದು ಕೇಳಿದೆ. ಹಿಗ್ಗಿದ ಹಳೆಯ ಎರಡರ ಜೊತೆ ಹೊಸದೊಂದನ್ನು ಹಾಕಿದರೆ ಹೊರೆಯೆಲ್ಲ ಹೊಸದರ ಮೇಲೇ ಬಿದ್ದು ಅದೂ ಹರಿಯುತ್ತದೆ ಎಂದು ವಿವರಿಸಿದರು. ೧೯೬೭ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿ.ಎಸ್.ಟಿ. ಕಂಪನಿಯ ಪವರ್ ಟಿಲ್ಲರುಗಳು ನಮ್ಮ ಅಡಿಕೆ ತೋಟಗಳಲ್ಲಿ ಇವೆಯಷ್ಟೆ. ಅವುಗಳಲ್ಲೂ ಎಂಜಿನ್ನಿನಿಂದ ಕ್ಲಚ್ಚಿಗೆ ಶಕ್ತಿ ಹೋಗುವುದು ಇಂಥ ಬೆಲ್ಟುಗಳ ಜೊತೆಯಿಂದಲೇ. ಒಂದು ಹೋದರೆ ಎಲ್ಲವನ್ನೂ, ಒಂದೇ ತಯಾರಿಕೆಯವನ್ನು ನೋಡಿ ಹಾಕಿರಿ.

ಪಂಪಿಗೆ ಹೊಸದಾಗಿ ಮೋಟಾರು ಕೂರಿಸುವವರಿಗೆ ಒಂದು ಲೆಕ್ಕ: ಎರಡು ಪುಲ್ಲಿಗಳ ನಡುಬಿಂದುಗಳ ಅಂತರದ ಎರಡರಷ್ಟು, ಅದಕ್ಕೆ ಎರಡೂ ವ್ಯಾಸಗಳ ಮೊತ್ತದ ೧.೫೭ ಪಟ್ಟು ಕೂಡಿಸಿ. ವ್ಯಾಸಗಳ ವ್ಯತ್ಯಾಸದ ವರ್ಗವನ್ನು ಅಂತರದ ನಾಲ್ಕರಷ್ಟರಿಂದ ಭಾಗಿಸಿ ಅದನ್ನೂ ಕೂಡಿಸಿ. ಅಂತರ ೫೦೦ ಮಿ.ಮೀ., ಹೊರವ್ಯಾಸಗಳು ೩೦೦ ಮತ್ತು ೧೫೦ ಆದರೆ ೧೦೦೦ + ೭೦೬.೫ + ೧೧.೨೫, ಅಂದರೆ ಹೊರಸುತ್ತು ೧೭೧೮ ಮಿ.ಮೀ. 'ಬಿ' ಬೆಲ್ಟಾದರೆ ೬೯ ಕಳೆದು ೧೬೪೯. ಕೊಳ್ಳಬೇಕಾದದ್ದು 'ಬಿ ೬೫'. ಎರಡು ಪುಲ್ಲಿಗಳೂ ಒಂದೇ ನೇರದಲ್ಲಿವೆಯೇ ಎಂದು ಮುಖಕ್ಕೆ ದಾರ ಹಿಡಿದು ನೋಡಿ. ಜಾರುವ ಬೆಲ್ಟಿಗೆ ರಾಳ, ಸೋಪು ಸವರುವುದು ಬೇಡ; ಎಣ್ಣೆ ತಾಗದಂತೆ ನೋಡಿಕೊಳ್ಳಿ. ಓಡುವ ಬೆಲ್ಟಿನ ಹತ್ತಿರ ಪಂಚೆ, ಸೆರಗು, ಶಾಲು ಸುಳಿಯಬಾರದು. ಆಳುಗಳಿಗೂ ಇದನ್ನು ಹೇಳಿ, ಬೆಲ್ಟಿಗೆ ತಗಡಿನ ಮರೆ ಹಾಕಿಸಿರಿ.

ಕೊಯ್ದ ಹಣ್ಣನ್ನು ಅದೇ ದಿನ ಪಲ್ಪರಿಗೆ ಹಾಕಬೇಕು. ರೋಬಸ್ಟಾಕ್ಕೆ ಹೂವಿನ ನೀರು ಕೊಡುವ ದಿನಗಳೂ ಕೆಲವೇ. ಆಗ ಬೆಲ್ಟು ಹರಿದು, ಪೆಟ್ಟಿಗೆಯಲ್ಲಿರುವುದು ತಪ್ಪು ಅಳತೆಯದೆಂದು ತಿಳಿದರೆ ಪೇಟೆಗೆ ಹೋಗಿ ಬರುವಷ್ಟರಲ್ಲಿ ಒಂದು ದಿನದ ಫಸಲು ಹೋದಂತೆಯೇ. ಆದ್ದರಿಂದ ಈ ವಾರವೇ ನಿಮ್ಮ ಜೀಪು, ಟಿಲ್ಲರು, ಪಂಪು, ಪಲ್ಪರುಗಳಿಗೆ ಸುತಳಿ ಹಿಡಿಯಿರಿ. ಬಂದ ನಂಬರನ್ನು ಯಂತ್ರದ ಮೇಲೆ ಬಣ್ಣದಲ್ಲಿ ಬರೆದಿಡಿ. ಹೆಚ್ಚಿಗೆ ಕೊಂಡ ಬೆಲ್ಟನ್ನು ಒಮ್ಮೆ ಹಾಕಿ, ಒಂದು ಗಂಟೆ ಓಡಿಸಿ, ಆಮೇಲೆ ಬಿಚ್ಚಿ ಬಿಸಿಲು ತಾಗದ ಕಡೆ ಇಡಿ. ನನ್ನ ಜೀಪಿನ ಬಾನೆಟ್ಟಿನ ಒಳಗೆ "ಎ ೪೧" ಎಂದು ಬರೆದಿದ್ದೇನೆ. ಆ "ಎ ೪೩" ಇನ್ನೂ ಕಚೇರಿಯ ಮೊಳೆಯಲ್ಲಿ ತೂಗಾಡುತ್ತಿದೆ. ಯಾರ ಯಂತ್ರಕ್ಕಾದರೂ ಹೊಂದಿದರೆ, ಅಳೆದು ನೋಡಿ ಒಯ್ಯಬಹುದು.

— ಕಾರ್ಯದರ್ಶಿ