ತರ್ದವಾಡಿಯಿಂದ ಬಾಗ್ಮತಿಯವರೆಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಗೂ ಎಂಟು ಸಾವಿರ ಮೀಟರ್ ಮೀರಿದ 14 ಶಿಖರಗಳಲ್ಲಿ ಎಂಟನ್ನು ಹೊಂದಿರುವ ನೇಪಾಳಕ್ಕೂ ನಂಟಿದೆಯೆಂದರೆ ಅಚ್ಚರಿಯಾಗುವುದು ಸಹಜ. ಆದರೆ ಇತಿಹಾಸ ಅದಕ್ಕೆ ಸಾಕ್ಷಿ ನುಡಿಯುತ್ತದೆ. ಈ ಸೀಮೆಯ ಬಹುಭಾಗವನ್ನು ಒಳಗೊಂಡಿದ್ದ ತರ್ದವಾಡಿ ಸಾಸಿರವನ್ನು, ಎಂದರೆ ಸಾವಿರದ ಲೆಕ್ಕದಲ್ಲಿ ಗುರುತಿಸುತ್ತಿದ್ದ ಆಡಳಿತ ವಿಭಾಗವನ್ನು, ರಾಷ್ಟ್ರಕೂಟರ ಸಾಮಂತನಾಗಿ ಆಳುತ್ತಿದ್ದ ಇಮ್ಮಡಿ ತೈಲಪನು ಮುಂದೆ ಕಲ್ಯಾಣ ಚಾಲುಕ್ಯರ ರಾಜ್ಯವನ್ನು ಕಟ್ಟಿದನು. ಅದೇ ವಂಶದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, 1097ರಲ್ಲಿ, ಕರ್ಣಾಟ ಮೂಲದ ನಾನ್ಯದೇವನು ಮಿಥಿಲೆಯಲ್ಲಿ ರಾಜ್ಯ ಸ್ಥಾಪಿಸಿ, ಇಂದು ನೇಪಾಳದ ತರಾಯಿ ಬಯಲಿನಲ್ಲಿರುವ ಸಿಮ್ರೌನ್‌ಗಢವನ್ನು ರಾಜಧಾನಿ ಮಾಡಿಕೊಂಡನು. ಅವನು ಚಾಲುಕ್ಯ ಸೇನೆಯೊಡನೆ ಉತ್ತರಕ್ಕೆ ಬಂದಿರಬೇಕೆಂಬುದು ಹಲವು ವಿದ್ವಾಂಸರ ಊಹೆ.

ತುಘಲಕ್ ದಾಳಿಗೆ ಆ ರಾಜಧಾನಿ ಕುಸಿದಾಗ ಅಲ್ಲಿನ ಕರ್ಣಾಟ ಅರಸ ಹರಿಸಿಂಹದೇವನ ಪರಿವಾರ ಬೆಟ್ಟಗಳತ್ತ ಸರಿಯಿತು. ಅವನ ರಾಣಿ ದೇವಲದೇವಿ ಕಾಠ್ಮಂಡು ಕಣಿವೆಯ ಭಕ್ತಪುರದಲ್ಲಿ ನೆಲೆಸಿ ಪ್ರಬಲಳಾದಳು. ಅವಳ ಮೊಮ್ಮಗಳು ರಾಜಲ್ಲದೇವಿಯನ್ನು ವರಿಸಿದ ಜಯಸ್ಥಿತಿ ಮಲ್ಲನಿಂದ ಮಲ್ಲ ಅರಸೊತ್ತಿಗೆ ಬಲಗೊಂಡಿತು. ಮಲ್ಲರ ಕುಲದೇವತೆ ತಲೇಜುವನ್ನು ತಂದವರು ಈ ಕರ್ಣಾಟರೇ ಎಂಬ ಐತಿಹ್ಯ ಕಾಠ್ಮಂಡು ಕಣಿವೆಯಲ್ಲಿ ಉಳಿದಿದೆ.

ಇವೆಲ್ಲಕ್ಕಿಂತ ಹೃದ್ಯವಾದುದು ಬಾಗ್ಮತಿ ನದೀತೀರದ ಪಶುಪತಿನಾಥನ ಸನ್ನಿಧಿ. ನಾಲ್ಕು ದಿಕ್ಕಿಗೆ ನಾಲ್ಕು ಮುಖಗಳುಳ್ಳ ಆ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರವಿರುವ ಭಟ್ಟರನ್ನು ದಕ್ಷಿಣ ಭಾರತದಿಂದ, ವಿಶೇಷವಾಗಿ ಕರ್ನಾಟಕದಿಂದ, ಕರೆಸಿಕೊಳ್ಳುವುದು ಬಹುಕಾಲದ ಸಂಪ್ರದಾಯ. 2009ರಲ್ಲಿ ಅದು ವಿವಾದಕ್ಕೆ ಸಿಲುಕಿದರೂ ಕನ್ನಡ ನಾಡಿನ ಅರ್ಚಕರೇ ಪೂಜೆಯನ್ನು ಮುಂದುವರಿಸಿದರು.